ಬರ್ಫಕ್ಕೆ ಕೊಟ್ಟ ಇಳಿಜಾರು

ಸಮುದ್ರದ ಮೇಲೆ ಹೆಪ್ಪುಗಟ್ಟುವ ಮಂಜುಗಡ್ಡೆಯನ್ನು ನಾನು ಕಣ್ಣಾರೆ ನೋಡಿಲ್ಲ. ನೋಡುವ ಆಸೆಯೂ ಇಲ್ಲ. ನನ್ನ ಪ್ರಾಯದ ಮೂರು ವರ್ಷವನ್ನು ಅದು ತಿಂದಿದೆ. ಇವತ್ತಿಗೂ ಯಾರಾದರೂ ಧ್ರುವದ ಫೋಟೋ ತೋರಿಸಿ ಎಷ್ಟು ಚೆಂದ ನೋಡ್ರಿ ಅಂದರೆ ನನಗೆ ಪಿತ್ತ ನೆತ್ತಿಗೇರುತ್ತದೆ. ಚೆಂದವಂತೆ, ಚೆಂದ. ಅದನ್ನು ಕರಗಿಸಲು ಹೋಗಿ ನಾನು ಏನು ಕಳೆದುಕೊಂಡೆ ಎನ್ನುವುದು ಅವರಿಗೇನು ಗೊತ್ತು.

ಎಪ್ಪತ್ತರ ದಶಕದ ನಡುವಿನ ಮಾತು. ನಾನು ಬೈಲಹೊಂಗಲದ ಒಂದು ಕಾಲೇಜಿನಲ್ಲಿ ಫಿಜಿಕ್ಸ್ ಹೇಳುತ್ತಿದ್ದೆ. ನೌಕರಿ ಕಾಯಂ ಆಗಿರಲಿಲ್ಲ. ಜೂನಿನಲ್ಲಿ ಆರ್ಡರ್ ಕೊಡುತ್ತಿದ್ದರು, ಏಪ್ರಿಲಿನಲ್ಲಿ ಕೈಬಿಡುತ್ತಿದ್ದರು. ಡಾಕ್ಟರೇಟಿನ ದಾರಿಯಲ್ಲಿ ಒಂದು ಪೇಪರ್ ಆದರೂ ನಿಮ್ಮ ಹೆಸರಿನಲ್ಲಿ ಅಚ್ಚಾಗಲಿ, ಕಾಯಂ ಮಾಡೋಣ ಎಂದು ಆಡಳಿತ ಮಂಡಳಿಯವರು ಬಾಯಿಮಾತಿನಲ್ಲಿ ಹೇಳಿದ್ದರು. ಹಾಗಾಗಿ ಧಾರವಾಡದಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಪ್ರಾಧ್ಯಾಪಕರ ಕೈಕೆಳಗೆ ಹೆಸರು ಹಚ್ಚಿದ್ದೆ. ಅವರ ಹಿರಿಯರ ಮನೆ ಬೈಲಹೊಂಗಲದಲ್ಲೇ ಇತ್ತು. ಶನಿವಾರದ ಬಸ್ಸಿಗೆ ಬಂದು ಸೋಮವಾರ ಮರಳುತ್ತಿದ್ದರು.

ಅವರು ಎರಡು ವರ್ಷ ಪರದೇಶದಲ್ಲಿದ್ದು ಬಂದವರು. ಅಲ್ಲಿನ ಕೆಲವರು ಇಡೀ ಭೂಮಿಯ ಗಾಳಿ, ಬಿಸಿಲು, ಮಳೆಯನ್ನು ಕಂಪ್ಯೂಟರಿನೊಳಗೆ ಲೆಕ್ಕವಾಗಿ ಬರೆಯುತ್ತಿದ್ದರಂತೆ. ಭೂಮಿಯನ್ನು ಚೌಕ ಚೌಕವಾಗಿ ಕತ್ತರಿಸಿ, ಪ್ರತಿ ಚೌಕಕ್ಕೂ ದಿನದಿನದ ಹವಾಮಾನ ಲೆಕ್ಕ ಹಾಕುವುದು. ಅದರಲ್ಲಿ ಧ್ರುವದ ಸಮುದ್ರದ ಮೇಲೆ ತೇಲುವ ಮಂಜುಗಡ್ಡೆಯ ತುಂಡೊಂದನ್ನು ನಾನು ಮಾಡಿಕೊಡುತ್ತೇನೆ ಎಂದು ನಮ್ಮವರು ಒಪ್ಪಿಕೊಂಡು ಬಂದಿದ್ದರು. ಒಪ್ಪಿಕೊಂಡದ್ದು ಅವರು, ಬರೆಯಬೇಕಾದದ್ದು ನಾನು.

ಬರೆಯುವುದೆಂದರೆ ಹೀಗೆ. ಒಂದು ಚೌಕದ ಮಂಜುಗಡ್ಡೆಗೆ ಒಂದು ದಪ್ಪ, ಒಂದು ಶಾಖ. ಮೇಲಿನಿಂದ ಬಿಸಿಲು ಮತ್ತು ಗಾಳಿ, ಕೆಳಗಿನಿಂದ ಸಮುದ್ರದ ಕಾವು. ಚಳಿಗಾಲದಲ್ಲಿ ತಳದಿಂದ ಬೆಳೆಯಬೇಕು, ಬೇಸಿಗೆಯಲ್ಲಿ ಮೇಲಿನಿಂದ ಕರಗಬೇಕು. ಮೇಲೆ ಹಿಮ ಬಿದ್ದಿದ್ದರೆ ಅದು ಬೆಳ್ಳಗಿರುತ್ತದೆ, ಬಿಸಿಲಿನ ಬಹುಪಾಲನ್ನು ವಾಪಸು ಎಸೆಯುತ್ತದೆ. ಎಷ್ಟು ಎಸೆಯುತ್ತದೆ ಎನ್ನುವುದಕ್ಕೆ ಒಂದು ಅಂಕಿ. ಕರಗಿದಷ್ಟನ್ನು ದಪ್ಪದಲ್ಲಿ ಕಳೆಯುವುದು, ಕರಗಿದ ನೀರನ್ನು ಸಮುದ್ರಕ್ಕೆ ಬಿಡುವುದು. ಇಷ್ಟನ್ನೂ ಸಾಲು ಸಾಲಾಗಿ ಬರೆದು, ಒಂದೊಂದು ಸಾಲಿಗೆ ಒಂದೊಂದು ರಟ್ಟಿನ ಕಾರ್ಡಿನಲ್ಲಿ ತೂತು ಹಾಕಿಸಿ, ಆ ಕಾರ್ಡುಗಳ ಡಬ್ಬಿಯನ್ನು ಮುಂಬೈಗೆ ಕಳಿಸುತ್ತಿದ್ದೆವು. ಅಲ್ಲಿ ಪರಿಚಯದವರೊಬ್ಬರು ಕಂಪ್ಯೂಟರಿಗೆ ಹಾಕಿಸಿ, ಉತ್ತರದ ಕಾಗದಗಳನ್ನು ಪಾರ್ಸಲ್ ಮಾಡುತ್ತಿದ್ದರು. ಒಂದು ತಪ್ಪು ಗೊತ್ತಾಗಲು ಇಪ್ಪತ್ತು ದಿನ ಕಾಯಬೇಕು.

ಮಂಜುಗಡ್ಡೆಗೆ ನಮ್ಮ ಕಡೆ ಬರ್ಫ ಅನ್ನುತ್ತಾರೆ. ಕಾಲೇಜಿನಲ್ಲಿ ನನಗೆ ಬರ್ಫದ ಮಾಸ್ತರ ಎಂದು ಹೆಸರು ಬಿದ್ದಿತ್ತು. ಕಿತ್ತೂರಿನಿಂದ ದಿನಾ ಬಂದುಹೋಗುತ್ತಿದ್ದ ಇಂಗ್ಲಿಷ್ ಲೆಕ್ಚರರ್ ಒಬ್ಬರು ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳುವಂತೆ ಅನ್ನುತ್ತಿದ್ದರು:

"ಏನ್ರೀ ಸರ, ನಿಮ್ಮ ಬರ್ಫ ಎಷ್ಟ ಬೆಳೀತ್ರಿ? ನಮ್ಮೂರ ಸೋಡಾ ಅಂಗಡ್ಯಾಂವ ಕೇಳಾಕ ಹತ್ಯಾನ."

ಎಲ್ಲರೂ ನಗುತ್ತಿದ್ದರು. ನಾನೂ ಹಲ್ಲು ಕಿರಿಯುತ್ತಿದ್ದೆ. ಒಳಗೊಳಗೇ ಅವರ ಏಳು ತಲೆಮಾರನ್ನು ಬೈಯುತ್ತಿದ್ದೆ.

ಬರ್ಫ ಬೆಳೆಯುತ್ತಿತ್ತು, ಅದೇ ನನ್ನ ಪೀಡೆ. ಪರದೇಶದವರು ನಿಜವಾಗಿ ಹೋಗಿ ಅಳೆದದ್ದು ಒಬ್ಬ ಆಳಿಗಿಂತ ಸ್ವಲ್ಪ ಹೆಚ್ಚಿನ ದಪ್ಪ. ಲೆಕ್ಕದಲ್ಲಿ ಕೆಲವು ವರ್ಷ ಓಡಿಸಿದ ಮೇಲೆ ನನ್ನದೂ ಅಲ್ಲಿಗೆ ಬಂದು ನಿಲ್ಲಬೇಕಿತ್ತು. ನಿಲ್ಲುತ್ತಿರಲಿಲ್ಲ. ಬೇಸಿಗೆಯಲ್ಲಿ ಚೂರು ಕರಗುತ್ತಿತ್ತು, ಚಳಿಗಾಲದಲ್ಲಿ ಅದಕ್ಕಿಂತ ಹೆಚ್ಚು ಬೆಳೆಯುತ್ತಿತ್ತು. ವರ್ಷದಿಂದ ವರ್ಷಕ್ಕೆ ದಪ್ಪವಾಗಿ ಕೊನೆಗೆ ಎರಡಂತಸ್ತಿನ ಮನೆಯಷ್ಟಾಗುತ್ತಿತ್ತು. ಅಂಕಿಗಳನ್ನು ಹತ್ತು ಸಲ ನೋಡಿದೆ, ಇಪ್ಪತ್ತು ಸಲ ನೋಡಿದೆ. ಕೈಲೆಕ್ಕ ಹಾಕಿದೆ. ಎಲ್ಲವೂ ಸರಿಯಿತ್ತು, ಉತ್ತರ ಮಾತ್ರ ಹಾಳಾಗಿತ್ತು.

ಪ್ರಾಧ್ಯಾಪಕರು ಧಾರವಾಡದಲ್ಲಿ ನನ್ನನ್ನು ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಬೈಲಹೊಂಗಲದ ತಮ್ಮ ಮನೆಯ ಪಡಸಾಲೆಯಲ್ಲಿ ಕೂತರೆ ನಾನು 'ನೀ' ಆಗುತ್ತಿದ್ದೆ. ಅವರಿಗೆ ಚಹಾ ಸ್ಟೀಲಿನ ಲೋಟದಲ್ಲಿ, ನನಗೆ ಗಾಜಿನ ಲೋಟದಲ್ಲಿ. ಕುಡಿದು ನಾನೇ ತೊಳೆದು ಕಿಟಕಿಯಲ್ಲಿಡಬೇಕು. ಇದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳದೆಯೇ ತಿಳಿದುಕೊಳ್ಳುವ ವಿದ್ಯೆ ನಮ್ಮ ಓಣಿಯವರಿಗೆ ಶಾಲೆಗೆ ಹೋಗುವ ಮೊದಲೇ ಬಂದಿರುತ್ತದೆ.

ಆ ವರ್ಷದ ಏಪ್ರಿಲಿನಲ್ಲಿ ಮುಂಬೈಯಿಂದ ಬಂದ ಕಾಗದದ ಕಟ್ಟನ್ನು ಅವರು ನನ್ನ ಎದುರೇ ಬಿಚ್ಚಿದರು. ಮತ್ತೆ ಅದೇ, ಎರಡಂತಸ್ತಿನ ಬರ್ಫ.

"ಒಂದ ಬರ್ಫ ಕರಗಸಾಕ ಬರೂದಿಲ್ಲಲ್ಲೋ ನಿನಗ" ಅಂದರು. "ನಮ್ಮ ಅಂಗಳದಾಗ ಇಟ್ರ ಸಣ್ಣ ಹುಡುಗರೂ ಕರಗಸ್ತಾರ. ನಿಮ್ಮ ಮಂದಿಗೆ ಸರಕಾರ ಸೀಟೇನೋ ಕೊಡತೈತಿ, ಲೆಕ್ಕ ಯಾರು ಕೊಡಬೇಕು?"

ಅವರು ಕಾಗದ ಮಡಚಿಟ್ಟು, ಜೂನಿನ ಹೊತ್ತಿಗೆ ಪೇಪರ್ ಕಳಿಸಲೇಬೇಕು, ಆಗಲೂ ಹೀಗೇ ಇದ್ದರೆ ಬೇರೆಯವರ ಹತ್ತಿರ ಮಾಡಿಸಿ ಅವರ ಹೆಸರು ಹಾಕುತ್ತೇನೆ ಅಂದರು. ಆಮೇಲೆ ತಲೆ ಎತ್ತಿ ಜಂತಿಗಳನ್ನು ನೋಡಿದರು. ಅಲ್ಲಿ ಹೋದ ಮಳೆಗಾಲದ ಸೋರಿಕೆಯ ಕಲೆಗಳಿದ್ದವು.

"ನಿಮ್ಮಪ್ಪ ಮಾಳಿಗಿಗೆ ಮಣ್ಣ ಹಾಕೂದ್ರಾಗ ಪಳಗಿದಾಂವ ಅಂತಲ್ಲ. ಮಳಿ ಬರೂದ್ರಾಗ ಒಂದ್ ದಿನ ಕಳಸು. ನಿನ್ನ ಹೆಸರಿಂದೂ ನೋಡೂಣಂತ."

ಎರಡೂ ಮಾತನ್ನು ಒಂದೇ ಉಸಿರಿನಲ್ಲಿ ಹೇಳಿದರು. ದಡ್ಡನಿಗೂ ತಿಳಿಯುವಂತಿತ್ತು.

ಭಾನುವಾರ ದೊಡವಾಡಕ್ಕೆ ಹೋದೆ. ಅಪ್ಪ ಆಗ ನವಿಲುತೀರ್ಥದ ಕಾಲುವೆ ಕೆಲಸದ ಮೇಲೆ ಗೌಂಡಿಯಾಗಿದ್ದ, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ. ಅದಕ್ಕೂ ಮೊದಲು ರಾಮದುರ್ಗದಿಂದ ಸವದತ್ತಿಯವರೆಗೆ ಮಣ್ಣಿನ ಚಪ್ಪಟೆ ಚಾವಣಿಯ ಮಾಳಿಗೆ ಮನೆಗಳಿಗೆಲ್ಲ ಮಳೆಗಾಲದ ಮುಂಚೆ ಕರಲು ಮಣ್ಣು ಹಾಕುವುದೇ ಅವನ ಕೆಲಸವಾಗಿತ್ತು. ಕರಲು ಮಣ್ಣೆಂದರೆ ಬೆಳ್ಳಗಿನ ಸವಳು ಮಣ್ಣು, ನೀರನ್ನು ಒಳಗೆ ಬಿಡುವುದಿಲ್ಲ. ಹತ್ತು ವರ್ಷದವನಿದ್ದಾಗ ನಾನೂ ಬುಟ್ಟಿ ಹೊತ್ತಿದ್ದೇನೆ. ಮಾಳಿಗೆಗೆ ಹೋಗುವ ಪಾವಟಿಗೆ, ಅಂದರೆ ಮೆಟ್ಟಿಲು, ಎಲ್ಲರ ಮನೆಯಲ್ಲೂ ಒಳಗಿರುತ್ತದೆ. ಕೆಲಸಕ್ಕೆ ಹೋದ ನಾವು ಅದನ್ನು ತುಳಿಯುವಂತಿಲ್ಲ. ಹಿತ್ತಲ ಗೋಡೆಗೆ ನಿಚ್ಚಣಿಕೆ ಹಚ್ಚಿ ಹೊರಗಿನಿಂದ ಹತ್ತಬೇಕು, ಹೊರಗಿನಿಂದಲೇ ಇಳಿಯಬೇಕು. ಅವರ ತಲೆಯ ಮೇಲೆ ದಿನವಿಡೀ ಓಡಾಡಬಹುದು, ಹೊಸ್ತಿಲು ಮಾತ್ರ ದಾಟುವಂತಿಲ್ಲ.

ನಾವು ಬೌದ್ಧರಾದ ವರ್ಷ ಅಪ್ಪ ಓಣಿಯ ಮಂದಿಯ ಎದುರು ನಿಂತು ಒಂದು ಮಾತು ಹೇಳಿದ್ದ. "ಒಳಗಿನ ಪಾವಟಿಗಿ ಹತ್ತಗೊಡದ ಮನಿ ಮ್ಯಾಲ ಇನ್ನ ನಾನೂ ಹತ್ತೂದಿಲ್ಲ, ನನ್ನ ಮಕ್ಕಳೂ ಹತ್ತೂದಿಲ್ಲ." ಆ ಮಾತಿಗೆ ಸಿಟ್ಟಾಗಿ ಊರಿನವರು ಬೇರೆ ಕೂಲಿಗೂ ಕರೆಯಲಿಲ್ಲ. ಎರಡು ತಿಂಗಳು ಒಂದೇ ಹೊತ್ತು ಉಂಡೆವು. ಅಪ್ಪ ಮಾತು ಮುರಿಯಲಿಲ್ಲ. ಆ ಹಸಿವು ನನಗೆ ಇನ್ನೂ ನೆನಪಿದೆ, ಹೆಮ್ಮೆಯಿಂದೇನಲ್ಲ.

ಅಂತಹವನ ಎದುರು ಹೋಗಿ ಕೂತು ಹೇಳಿದೆ.

"ಎಪ್ಪಾ, ನಮ್ಮ ಸರ ಅವರ ಮಾಳಿಗಿ ಸೋರತೈತಿ."

"ಸೋರಲಿ."

"ನೀ ಒಂದ್ ದಿನ ಬಂದ್ರ..."

"ಒಳಗಿಂದ ಹತ್ತಗೊಡ್ತಾರೇನು?"

"ಕೇಳಿಲ್ಲ."

"ಕೇಳಿ ಬಾ."

"ಕೇಳಿದ್ರ ಪೇಪರಿನ್ಯಾಗ ನನ್ನ ಹೆಸರು ಹಾಕೂದಿಲ್ಲ. ನೌಕರೀನೂ ಕಾಯಂ ಆಗೂದಿಲ್ಲ."

ಅಪ್ಪ ನನ್ನ ಮುಖವನ್ನೇ ನೋಡಿದ. "ನಾ ಇಟ್ಟ ಹೆಸರು ನಿನಗ ಸಾಲಲಿಲ್ಲೇನು?" ಅಂದ.

"ನಿನ್ನ ಹಟಕ್ಕ ಆವತ್ತೂ ನಾವು ಉಪವಾಸ ಬಿದ್ದೀವಿ, ಇವತ್ತೂ ನಾ ಬೀಳಬೇಕೇನು?" ಎಂದು ಕೂಗಾಡಿದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, "ಉಣ್ಣೂ ಹೊತ್ತಿನ್ಯಾಗ ಏನ್ರೋ ಇದು" ಅಂದಳು. ನಾನು ಉಣ್ಣದೆ ಎದ್ದು ಬಂದೆ.

ಪ್ರಾಧ್ಯಾಪಕರಿಗೆ ಅಪ್ಪನ ಮೊಳಕಾಲು ನೋಯುತ್ತದೆ ಎಂದು ಸುಳ್ಳು ಹೇಳಿದೆ. ಅವರು ಎಲೆ ಅಡಿಕೆ ಹಾಕಿಕೊಳ್ಳುತ್ತ ನಿಧಾನವಾಗಿ ಅಂದರು:

"ಹಂಗಾರ ನೀನ ಬಾ. ಮನಿತನದ ಕೆಲಸ, ಮರ್ತಿರಾಂಗಿಲ್ಲ."

ಆಗ ಎದ್ದು ಬರಬೇಕಿತ್ತು. ಎಷ್ಟೋ ಸಲ ಮನಸ್ಸಿನಲ್ಲಿ ಎದ್ದು ಬಂದಿದ್ದೇನೆ, ಬಾಗಿಲು ಬಡಿದು ಬಂದಿದ್ದೇನೆ. ಆ ದಿನ ಮಾತ್ರ, "ಆತ್ರಿ ಸರ" ಅಂದೆ.

ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹಳೆಯ ಅಂಗಿ ಹಾಕಿಕೊಂಡು ಹೋದೆ. ಮಣ್ಣಿನ ಗಾಡಿ ಆಗಲೇ ಬಂದು ಹಿತ್ತಲಲ್ಲಿ ರಾಶಿ ಸುರಿದಿತ್ತು. ಅಭ್ಯಾಸ ಬಲದಿಂದ ಮುಂಬಾಗಿಲಿಗೆ ಹೋದೆ. ಪ್ರಾಧ್ಯಾಪಕರ ತಾಯಿ ಬಾಗಿಲಲ್ಲೇ ನಿಂತಿದ್ದರು. "ತಮ್ಮಾ, ನಿಚ್ಚಣಿಕಿ ಹಿತ್ತಲದಾಗ ಇಟ್ಟೈತಿ. ಒಳಗ ದೇವರ ಜಗಲಿ ಐತಿ" ಅಂದರು. ದನಿಯಲ್ಲಿ ಸಿಟ್ಟೇನಿರಲಿಲ್ಲ, ಅದು ಇನ್ನೂ ಉರಿಸಿತು. ಹಿಂದಿನ ದಿನವಷ್ಟೇ ಅದೇ ಪಡಸಾಲೆಯಲ್ಲಿ ಕೂತು ಅವರ ಮಗನಿಗೆ ಉತ್ತರ ಧ್ರುವದ ಲೆಕ್ಕ ಬಿಡಿಸಿ ಹೇಳಿದ್ದೆ.

ಹಿತ್ತಲಿಗೆ ಹೋಗಿ ಹತ್ತಿದೆ. ಹಿಡಿಯುವವರು ಯಾರೂ ಇರಲಿಲ್ಲ. ಬುಟ್ಟಿ ಹೊತ್ತು ಹತ್ತುವಾಗ ನಿಚ್ಚಣಿಕೆ ಜಾರಿ ಜಾರಿ ಗೋಡೆ ತರಚುತ್ತಿತ್ತು. ಕೆಳಗೆ ಓಣಿಯಲ್ಲಿ ಹೋಗುವವರು ತಲೆ ಎತ್ತಿ ನೋಡುತ್ತಿದ್ದರು. ನನ್ನ ಇಬ್ಬರು ವಿದ್ಯಾರ್ಥಿಗಳೂ ಸೈಕಲ್ ತಳ್ಳಿಕೊಂಡು ಹೋದರು. ನೋಡಿಯೂ ನೋಡದವರಂತೆ ಹೋದರು, ಅದಕ್ಕಾಗಿ ಅವರ ಮೇಲೂ ಸಿಟ್ಟು ಬಂತು. ಮಣ್ಣು ಹರವುತ್ತ, ದಿಮ್ಮಸಿನಿಂದ ಬಡಿಯುತ್ತ ಹೋದೆ. ಪಡಸಾಲೆಯ ಬೆಳಕಿಂಡಿಯಿಂದ ಆಗಾಗ ಅವರ ದನಿ ಮೇಲೆ ಬರುತ್ತಿತ್ತು.

"ಆ ಮೂಲ್ಯಾಗ ಸರಿಯಾಗಿ ಬಡೀಯೋ. ನಿನ್ನ ಪ್ರೋಗ್ರಾಮಿನಂಗ ಮಾಡಬ್ಯಾಡ."

ಒಳಗಿನಿಂದ ಯಾರೋ ನಕ್ಕದ್ದು ಕೇಳಿಸಿತು.

ಬೆಳಿಗ್ಗೆಯ ಪಾಳಿ ಮುಗಿದ ಮೇಲೆ ಇಳಿಜಾರು ಸರಿಯಿದೆಯೇ ಎಂದು ನೋಡಲು ಒಂದು ಕೊಡ ನೀರು ಸುರಿದೆ. ಎಲ್ಲ ನೀರೂ ಹರಿದು ಕುಂಬಿಯ, ಅಂದರೆ ಅಂಚಿನ ಗಿಡ್ಡ ಗೋಡೆಯ, ತೂತಿನಿಂದ ಹೊರಗೆ ಬೀಳಬೇಕು. ಒಂದು ಕಡೆ, ಇನ್ನೂ ಹೊಸ ಮಣ್ಣು ಹಾಕದಿದ್ದ ಹಳೆಯ ಕಪ್ಪು ತಗ್ಗಿನಲ್ಲಿ, ನೀರು ನಿಂತಿತು. ಹೊಟ್ಟೆಯಲ್ಲಿ ಎಷ್ಟು ಸಿಟ್ಟಿದ್ದರೂ ಉಣ್ಣಲೇಬೇಕಲ್ಲ, ಬೇವಿನ ಗಿಡದ ಕೆಳಗೆ ಕೂತು ಕಟ್ಟಿಕೊಂಡು ಬಂದ ರೊಟ್ಟಿ ತಿಂದು ಮತ್ತೆ ಹತ್ತಿದೆ. ಬರಿಗಾಲಲ್ಲಿ ಬೆಳ್ಳಗಿನ ಹೊಸ ಮಣ್ಣಿನ ಮೇಲೆ ನಡೆಯಬಹುದಿತ್ತು, ಆ ಬಿಸಿಲಿಗೂ ಅದು ಅಷ್ಟು ಕಾದಿರಲಿಲ್ಲ. ನಿಂತ ನೀರಿಗೆ ಕೈ ಅದ್ದಿದರೆ ಅದು ಜಳಕದ ನೀರಿನಷ್ಟು ಕಾದಿತ್ತು, ತಳದ ಮಣ್ಣು ಕೆಸರಾಗಿ ಬೆರಳು ಒಳಗೆ ಹೋಯಿತು. ನೀರು ನಿಂತಲ್ಲೇ ಮಾಳಿಗೆ ಸವೆಯುವುದು. ಮಾಳಿಗೆಯ ಮೇಲೆ ನೀರು ನಿಲ್ಲಗೊಡಬಾರದು ಎನ್ನುವುದು ನನಗೆ ಅಕ್ಷರಕ್ಕಿಂತ ಮೊದಲು ಕಲಿಸಿದ ಪಾಠ. ಸಲಿಕೆಯಿಂದ ತೋಡಿ ಅದನ್ನು ಹೊರಗೆ ಹಾಕಲು ಹೋದವನು ಅಲ್ಲೇ ನಿಂತೆ.

ಅಯ್ಯೋ, ನಾನು ಮಾಡಿದ್ದೂ ಅದನ್ನೇ. ಸಮುದ್ರದ ಮಂಜುಗಡ್ಡೆಗೆ ಇಳಿಜಾರು ಎಲ್ಲಿಯದು? ಅದಕ್ಕೆ ಕುಂಬಿಯಿಲ್ಲ, ತೂತಿಲ್ಲ, ಮಣ್ಣು ಹಾಕುವವನಿಲ್ಲ. ಕರಗಿದ ನೀರು ತಗ್ಗುಗಳಲ್ಲಿ ಅಲ್ಲೇ ನಿಲ್ಲುತ್ತದೆ. ನಿಂತ ನೀರು ಕಪ್ಪಗಿರುತ್ತದೆ, ಬಿಸಿಲನ್ನು ಎಸೆಯದೆ ಕುಡಿಯುತ್ತದೆ, ತನ್ನ ಕೆಳಗಿನ ಬರ್ಫವನ್ನು ಮತ್ತಷ್ಟು ಕರಗಿಸುತ್ತದೆ. ನಾನು ಮಾತ್ರ ಒಂದು ಸಾಲಿನಲ್ಲಿ ಆ ನೀರನ್ನೆಲ್ಲ ಹುಟ್ಟಿದ ಗಳಿಗೆಯಲ್ಲೇ ಸಮುದ್ರಕ್ಕೆ ದಬ್ಬಿ, ಮೇಲ್ಮೈಯನ್ನು ಒಣಗಿಸಿ, ಮತ್ತೆ ಬೆಳ್ಳಗೆ ಮಾಡಿ ಇಟ್ಟಿದ್ದೆ. ಪರದೇಶದವರ ಬರಹದಲ್ಲಿ ಬೇಸಿಗೆಯ ಹೊಂಡಗಳ ಬಗ್ಗೆ ಒಂದು ಸಾಲು ಇದ್ದೇ ಇತ್ತು. ಓದಿದ್ದೆ, ಲಕ್ಷ್ಯ ಕೊಟ್ಟಿರಲಿಲ್ಲ. ನೀರು ನಿಲ್ಲಬಾರದು ಎನ್ನುವುದು ನನ್ನ ಕೈಯಲ್ಲೇ ಕೂತಿತ್ತು, ಅದು ನನ್ನನ್ನು ಕೇಳದೆಯೇ ಬರೆದುಬಿಟ್ಟಿತ್ತು. ಅಪ್ಪನ ಮಾಳಿಗೆಯನ್ನು ಒಯ್ದು ಉತ್ತರ ಧ್ರುವದ ಮೇಲೆ ಹಾಕಿ ಬಂದಿದ್ದೆ ನಾನು.

ಖುಷಿಯಾಗಬೇಕಿತ್ತು. ಆಗಲಿಲ್ಲ. ಈ ಮನೆಯ ಮೇಲೆ, ಈ ಕೆಲಸ ಮಾಡುವಾಗಲೇ ಇದು ಹೊಳೆಯಬೇಕಿತ್ತೇ ಎಂದು ಇನ್ನಷ್ಟು ಸಿಟ್ಟು ಬಂತು. ಉಳಿದ ಬುಟ್ಟಿಗಳನ್ನು ಹೊತ್ತೆ, ತಗ್ಗು ತುಂಬಿದೆ, ಬಡಿದೆ. ಒಮ್ಮೆ ಅನ್ನಿಸಿತು, ಆ ತಗ್ಗನ್ನು ಹಾಗೇ ಬಿಟ್ಟು ಇಳಿದರೆ ಮೊದಲ ಮಳೆಗೇ ಅವರ ತಲೆಯ ಮೇಲೆ ಸುರಿಯುತ್ತದೆ. ಬಿಡಲು ಕೈ ಒಪ್ಪಲಿಲ್ಲ.

ಮರುದಿನ ಆ ಸಾಲನ್ನು ಕಿತ್ತು ಹೊಸ ನಾಲ್ಕು ಸಾಲು ಬರೆದೆ. ಕರಗಿದ ನೀರಿನ ಒಂದು ಪಾಲು ಮೇಲೆಯೇ ನಿಲ್ಲಲಿ, ನಿಂತಷ್ಟು ಹೊತ್ತು ಬಿಸಿಲನ್ನು ಎಸೆಯುವ ಅಂಕಿ ಇಳಿಯಲಿ, ಚಳಿ ಬಂದಾಗ ಹೆಪ್ಪುಗಟ್ಟಲಿ. ಡಬ್ಬಿ ಮುಂಬೈಗೆ ಹೋಯಿತು. ಜೂನಿನ ಮೊದಲ ಮಳೆ ಬಿದ್ದ ವಾರದಲ್ಲಿ ಕಾಗದ ಬಂತು. ಬರ್ಫ ಬೆಳೆಯಿತು, ಕರಗಿತು, ಬೆಳೆಯಿತು, ಕರಗಿತು, ಕೊನೆಗೆ ಒಬ್ಬ ಆಳಿಗಿಂತ ಸ್ವಲ್ಪ ಹೆಚ್ಚಿನ ದಪ್ಪಕ್ಕೆ ಬಂದು ನಿಂತಿತು. ಆ ಅಂಕಿಯನ್ನು ನೋಡಿದಾಗ ನನಗೆ ಅದರ ಮುಖಕ್ಕೆ ಉಗುಳಬೇಕು ಅನ್ನಿಸಿತು.

ಪ್ರಾಧ್ಯಾಪಕರು ಕಾಗದವನ್ನು ಎರಡು ಸಲ ನೋಡಿದರು. "ಯಾವ ಪೇಪರಿನ್ಯಾಗ ನೋಡಿದ್ಯೋ ಇದನ್ನ?" ಅಂದರು.

"ನಿಮ್ಮ ಮಾಳಿಗಿ ಮ್ಯಾಲ ನೋಡಿದ್ನಿರಿ" ಅಂದೆ.

ಅವರು ತಮಾಷೆಯೆಂದು ತಿಳಿದು ನಕ್ಕರು. ಆ ವರ್ಷ ಅವರ ಮನೆ ಒಂದು ಹನಿಯೂ ಸೋರಲಿಲ್ಲ ಎಂದು ಅವರ ತಾಯಿ ಊರಿಗೆಲ್ಲ ಹೇಳಿಕೊಂಡು ತಿರುಗಿದರು. ಮಾತಿಗೆ ತಪ್ಪಲಿಲ್ಲ ಪ್ರಾಧ್ಯಾಪಕರು, ಅದನ್ನೂ ಹೇಳಬೇಕು. ಮರುವರ್ಷ ಪೇಪರ್ ಅಚ್ಚಾಗಿ ಬಂದಾಗ ಅವರ ಹೆಸರಿನ ಮುಂದೆ ನನ್ನ ಹೆಸರಿತ್ತು. ಕಾಲೇಜಿನಲ್ಲಿ ಅದನ್ನು ನೋಟೀಸ್ ಬೋರ್ಡಿಗೆ ಹಚ್ಚಿದರು. ಕಿತ್ತೂರಿನ ಇಂಗ್ಲಿಷ್ ಲೆಕ್ಚರರ್ ಪೇಡೆ ಕೇಳಿದರು. ಕಾಯಂ ಆರ್ಡರ್ ಕೈಗೆ ಬಂದ ಮೇಲೆ ಪೇಪರಿನ ಒಂದು ಪ್ರತಿ ಹಿಡಿದುಕೊಂಡು ದೊಡವಾಡಕ್ಕೆ ಹೋದೆ. ಆ ಜಗಳದ ನಂತರ ಅಪ್ಪ ನನ್ನ ಜೊತೆ ನಾಲ್ಕು ಮಾತೂ ಆಡಿರಲಿಲ್ಲ. ಇದನ್ನು ನೋಡಿದರೆ ಮೆತ್ತಗಾಗುತ್ತಾನೆ ಎಂದು ನಂಬಿದ್ದೆ.

ಅಪ್ಪ ಎಮ್ಮೆಗೆ ನೀರು ಕುಡಿಸುತ್ತಿದ್ದವನು ಕೈ ತೊಳೆದು, ಧೋತರಕ್ಕೆ ಒರೆಸಿಕೊಂಡು ಕಾಗದ ತೆಗೆದುಕೊಂಡ. "ನಿನ್ನ ಹೆಸರು ಎಲ್ಲೈತಿ?" ಅಂದ. ತೋರಿಸಿದೆ. ಇಂಗ್ಲಿಷ್ ಅಕ್ಷರ ಅವನಿಗೆ ಬಾರದು. ಅದರ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನೋಡಿದ.

"ಬಾಜೂಕ ಇರೂದು ಅವರದೇನು?"

"ಹೌದು."

"ಎಷ್ಟ್ ಬುಟ್ಟಿ ಹಿಡೀತು?"

ನನಗೆ ತಿಳಿಯಲಿಲ್ಲ. "ಏನು?" ಅಂದೆ.

"ಮಣ್ಣು."

ಬೈಲಹೊಂಗಲ ಅಲ್ಲೇ ಪಕ್ಕದಲ್ಲಿದೆ. ಹಗಲು ಹೊತ್ತಿನಲ್ಲಿ ಮಾಳಿಗೆಯ ಮೇಲೆ ನಿಂತವನನ್ನು ಇಡೀ ಓಣಿ ನೋಡಿರುತ್ತದೆ. ವರ್ಷದಿಂದ ಅವನಿಗೆ ಗೊತ್ತಿತ್ತು, ನಾನೇ ಹೇಳಲಿ ಎಂದು ಸುಮ್ಮನಿದ್ದ.

"ಅರವತ್ತು" ಅಂದೆ.

"ಹೊರಗಿಂದ ಹತ್ತಿದ್ಯಾ?"

"ಹೂಂ."

ಅಪ್ಪ ಕಾಗದವನ್ನು ಮೊದಲಿದ್ದಂತೆಯೇ ನೀಟಾಗಿ ಮಡಚಿ ನನ್ನ ಕೈಗಿಟ್ಟ. "ಇದನ್ನ ತಗೊಂಡು ಹೋಗು. ಈ ಮನ್ಯಾಗ ಇಡಬ್ಯಾಡ" ಅಂದು ಎಮ್ಮೆಯ ಕಡೆ ತಿರುಗಿದ.

ಒಲೆಯ ಮುಂದೆ ಕೂತಿದ್ದ ಅವ್ವ ಆ ದಿನ ನನಗೆ ಉಣ್ಣು ಅನ್ನಲಿಲ್ಲ. ನಾನು ಕಾಗದ ಹಿಡಿದುಕೊಂಡು ರಸ್ತೆಗೆ ಬಂದು ಬೈಲಹೊಂಗಲದ ಬಸ್ಸಿಗೆ ಕಾಯುತ್ತ ನಿಂತೆ.